ನೀಲಾಂಬಿಕಾಳ ಜೋಡಿ

ನೀಲಾಂಬಿಕಾಳ ಹೆಜ್ಜೆಯ ಸಪ್ಪಳ ನಿಂತುಹೋಗಿದೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಗೊತ್ತಾದಾಗ ನನಗೆ ಸಂತೋಷವಾಯಿತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೋಗುತ್ತ ನಾಚಿಕೆಯಾಗಿ, ಬೇರೆ ಏನನ್ನಾದರೂ ಹೇಳಿ ತಪ್ಪಿಸಿಕೊಂಡೇನು.

ನಾವಿಬ್ಬರೂ ಮೆಡಿಕಲ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆವು. ಮೊದಲ ವರ್ಷದಿಂದಲೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಅದೊಂದು ಭಾನುವಾರದ ಬೆಳಿಗ್ಗೆ. ನಾನು ಗೋಡೆಯ ಕಡೆ ಮುಖಮಾಡಿ ಮಲಗಿದ್ದೆ. ಅವಳು ಸ್ನಾನಕ್ಕೆ ಹೊರಟಳು. ಬಕೆಟ್ಟಿನ ಹಿಡಿಕೆ ಕಿರುಗುಟ್ಟಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲ ಚಿಲಕ ತೆಗೆದದ್ದು ಕೇಳಿಸಿತು. ಮಂಚಕ್ಕೂ ಬಾಗಿಲಿಗೂ ನಡುವೆ ಎಂಟು ಹೆಜ್ಜೆಯಷ್ಟು ಹಲಗೆಯ ನೆಲವಿತ್ತು. ಅದರ ಮೇಲೆ ಅವಳು ನಡೆದದ್ದು ಮಾತ್ರ ಕೇಳಿಸಲಿಲ್ಲ. ನಾನು ಎದ್ದು ಕುಳಿತೆ. ಅವಳು ಮರಳಿ ಬಂದಾಗ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದೆ. ಒದ್ದೆ ಕಾಲಿನ ಗುರುತು ಹಲಗೆಯ ಮೇಲೆ ಒಂದಾದ ಮೇಲೊಂದು ಮೂಡಿತ್ತು, ಸದ್ದು ಇರಲಿಲ್ಲ.

ನಮ್ಮ ಊರಿನಲ್ಲಿ ಮನಸ್ಸು ಕುಸಿದವರ ಹೆಜ್ಜೆ ಸಪ್ಪಳ ಮಾಡುವುದಿಲ್ಲ. ಬೂಟು ಹಾಕಿದರೂ ಅಷ್ಟೆ, ಗೆಜ್ಜೆ ಕಟ್ಟಿದರೂ ಅಷ್ಟೆ. ಅದಕ್ಕೇ ಇಲ್ಲಿ ಮನೆ ಕಟ್ಟಿಸುವವರು ಬೇರೆ ಏನು ಬಿಟ್ಟರೂ ಪಡಸಾಲೆಗೆ ಹಲಗೆ ಹಾಸುವುದನ್ನು ಬಿಡುವುದಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ತಾಯಿ ಬಾಗಿಲು ಸರಿದೊಡನೆ ಕೈ ನಿಲ್ಲಿಸಿ ಕಿವಿಗೊಡುತ್ತಾಳೆ. ಮಗ ಬಂದದ್ದು ಕೇಳಿಸದಿದ್ದರೆ ಯಾರೂ ಅವನನ್ನು ಏನೂ ಕೇಳುವುದಿಲ್ಲ. ಮೊದಲ ಬಿಸಿ ರೊಟ್ಟಿ ಅವನ ತಟ್ಟೆಗೆ ಬೀಳುತ್ತದೆ. ಸಪ್ಪಳ ಮರಳುವ ತನಕ ಮನೆಯವರಲ್ಲಿ ಒಬ್ಬರು ಅವನ ಜೊತೆಗೇ ಇರುತ್ತಾರೆ, ಸಂತೆಗೆ ಹೋದರೂ, ಹೊಳೆಗೆ ಹೋದರೂ. ಅಂಗಡಿಯವನು ಒಳಗಿನಿಂದ ಒಂದು ಸ್ಟೂಲು ತಂದು ಹಾಕುತ್ತಾನೆ. ಕೆಲವರಿಗೆ ವಾರ ಹಿಡಿಯುತ್ತದೆ, ಕೆಲವರಿಗೆ ವರ್ಷ. "ನಮ್ಮ ಮಾವಗ ಹೆಜ್ಜಿ ಹೋಗೇತ್ರಿ, ಈ ಸಲ ಮದುವಿಗೆ ಬರೂದು ಆಗಂಗಿಲ್ಲ" ಎಂದು ನೆಗಡಿಯ ಮಾತಾಡಿದಷ್ಟೇ ಸಲೀಸಾಗಿ ಹೇಳುತ್ತಾರೆ.

ಮೆಡಿಕಲ್ ಕಾಲೇಜಿನಲ್ಲಿ ಮಾತ್ರ ಹಾಗಿರಲಿಲ್ಲ. ಹೆಜ್ಜೆ ಇಲ್ಲದ ವಿದ್ಯಾರ್ಥಿ ವಾರ್ಡಿಗೆ ಬರಕೂಡದು ಎಂದು ಆಫೀಸಿನ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದರು. ಹುಡುಗರು ಮನೆಗೆ ಹೋಗಿ ಸುಧಾರಿಸಿಕೊಳ್ಳಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮವಿರಬೇಕು. ಆದರೆ ವಾರ್ಡು ತಪ್ಪಿದರೆ ಹಾಜರಾತಿ ತಪ್ಪುತ್ತದೆ, ಹಾಜರಾತಿ ತಪ್ಪಿದರೆ ವರ್ಷ ಹೋಗುತ್ತದೆ. ಹಾಗಾಗಿ ಯಾರೂ ಮನೆಗೆ ಹೋಗುತ್ತಿರಲಿಲ್ಲ, ಜೋಡಿ ಹುಡುಕಿಕೊಳ್ಳುತ್ತಿದ್ದರು. ಸಪ್ಪಳ ಇದ್ದ ಒಬ್ಬರ ಪಕ್ಕದಲ್ಲಿ, ಅವರ ಎಡಕ್ಕೆ ಎಡ, ಬಲಕ್ಕೆ ಬಲ ಇಟ್ಟು ನಡೆದರೆ ಯಾರಿಗೂ ತಿಳಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದ ಹಾಗೆ ಕಾರಿಡಾರಿನಲ್ಲಿ ಜೋಡಿಗಳು ಹೆಚ್ಚುತ್ತಿದ್ದವು. ಇಬ್ಬರಲ್ಲಿ ಯಾರದು ಸದ್ದು ಎಂದು ಯಾರೂ ಕೇಳುತ್ತಿರಲಿಲ್ಲ, ಪ್ರೊಫೆಸರುಗಳೂ ಸಹ.

ಈಗ ನನ್ನ ಸಂತೋಷದ ವಿಷಯ. ನಾಲ್ಕು ವರ್ಷಗಳಲ್ಲಿ ನೀಲಾ ಪ್ರತಿಯೊಂದು ಪರೀಕ್ಷೆಯಲ್ಲಿ ಮೊದಲು ಬಂದಿದ್ದಳು, ನಾನು ಪ್ರತಿಯೊಂದರಲ್ಲಿ ಎರಡನೆಯವಳು. ಒಮ್ಮೆಯಾದರೂ ಮೂರನೆಯವಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಅವಳು ಬೆಳಿಗ್ಗೆ ಓದಿದ್ದು ಸಂಜೆ ಬಾಯಿಗೆ ಬರುತ್ತಿತ್ತು, ನಾನು ಅದನ್ನೇ ನಾಲ್ಕು ಸಲ ಬರೆಯಬೇಕಿತ್ತು. ರೋಗಿಗಳು ನನ್ನನ್ನು "ಡಾಕ್ಟರಮ್ಮ" ಎಂದು ಕರೆದರೆ ಅವಳನ್ನು "ತಂಗಿ" ಎನ್ನುತ್ತಿದ್ದರು. ಹೊಳೆಯಾಚೆಯ ನಮ್ಮ ಮನೆಗೆ ತಿಂಗಳಿಗೊಮ್ಮೆ ಹೋದಾಗ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸಾಗಿದ್ದ ನಮ್ಮ ಅವ್ವ ಉತ್ತರಪತ್ರಿಕೆಗಳಿಂದ ತಲೆ ಎತ್ತದೆ ಕೇಳುತ್ತಿದ್ದಳು: "ನೀಲಾಂಬಿಕಾಗ ಎಷ್ಟ ಬಂತು?" ನನಗೆ ಎಷ್ಟು ಬಂತು ಎಂದು ಅದರಿಂದಲೇ ಅವಳಿಗೆ ತಿಳಿಯುತ್ತಿತ್ತು. ಎಲ್ಲಕ್ಕಿಂತ ಕಷ್ಟವಾಗಿದ್ದದ್ದೆಂದರೆ ನೀಲಾ ಒಳ್ಳೆಯವಳಾಗಿದ್ದದ್ದು. ತನ್ನ ನೋಟ್ಸನ್ನು ಕೇಳುವ ಮೊದಲೇ ಕೊಡುತ್ತಿದ್ದಳು. ಅವಳ ಅಕ್ಷರ ಕೂಡ ನನ್ನದಕ್ಕಿಂತ ದುಂಡಗಿತ್ತು.

ಆ ಭಾನುವಾರ ಕಳೆದು ಮೂರು ದಿನವಾದ ಮೇಲೆ ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ನನ್ನ ಪಕ್ಕ ಬಂದು ನಿಂತಳು. ನೊರೆಗೈಯಲ್ಲಿ ಒಂದೇ ಕುಪ್ಪಸವನ್ನು ತಿಕ್ಕುತ್ತಲೇ ಇದ್ದಳು.

"ಕಸ್ತೂರಿ, ನಿಂಗ ಗೊತ್ತಾಗೇತಿ ಅಲ್ಲಾ?" ಎಂದಳು.

"ಏನು?" ಎಂದೆ, ಗೊತ್ತಿಲ್ಲದವಳ ಹಾಗೆ.

"ನನ್ನ ಜೋಡಿ ನಡೀತೀಯೇನ? ಪರೀಕ್ಷಾ ಮುಗಿಯೂತನಾ ಅಷ್ಟ."

"ಏನಾತ ನಿಂಗ?"

ಅವಳು ಕುಪ್ಪಸವನ್ನು ಮತ್ತೆ ನೀರಿಗೆ ಅದ್ದಿದಳು. "ಏನೂ ಆಗಿಲ್ಲ. ಅದ ಕಷ್ಟ ಆಗೇತಿ. ಏನರ ಆಗಿದ್ರ ಹೇಳಬಹುದಿತ್ತು."

ನಾನು ಒಪ್ಪಿಕೊಂಡೆ. ಗೆಳತಿಗೆ ಸಹಾಯ ಮಾಡುವವಳ ಮುಖ ಮಾಡಿಕೊಂಡೇ ಒಪ್ಪಿಕೊಂಡೆ. ಮರುದಿನ ನಸುಕಿನಲ್ಲಿ ಹಾಸ್ಟೆಲಿನ ಮಾಳಿಗೆಯ ಮೇಲೆ ಅಭ್ಯಾಸ ಶುರುವಾಯಿತು. ಅವಳು ನನಗಿಂತ ಗೇಣುದ್ದ ಎತ್ತರ, ಉದ್ದುದ್ದ ಹೆಜ್ಜೆಯವಳು. ನಾನು ಸ್ವಲ್ಪ ಬೀಸಿ ನಡೆದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಹಾಗೆ ಮಾಡಲಿಲ್ಲ. "ನೀನ ಸಣ್ಣ ಹೆಜ್ಜಿ ಇಡಬೇಕು. ಸಪ್ಪಳ ನಂದಲ್ಲಾ?" ಎಂದೆ. ಅವಳು ತಲೆ ತಗ್ಗಿಸಿ ನನ್ನ ಪಾದಗಳನ್ನೇ ನೋಡುತ್ತ ನಡೆಯುವುದನ್ನು ಕಲಿತಳು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವಳು ನನ್ನನ್ನು ಹಿಂಬಾಲಿಸುತ್ತಿದ್ದಳು. ಬೇಕೆಂದೇ ಒಮ್ಮೊಮ್ಮೆ ನಾನು ವೇಗ ಬದಲಿಸುತ್ತಿದ್ದೆ. ಅವಳು ತಡವರಿಸಿ, "ತಪ್ಪಾತು" ಎನ್ನುತ್ತಿದ್ದಳು.

ಎರಡು ತಿಂಗಳು ಹೀಗೆ ನಡೆದೆವು. ಅವಳು ಸೊರಗುತ್ತಿರುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇಲ್ಲ. ಮೆಸ್ಸಿನಲ್ಲಿ ತನ್ನ ತಟ್ಟೆಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ, ಎದ್ದುಬಿಡುತ್ತಿದ್ದಳು. ಮೊಣಕಾಲಿನ ತನಕ ಇದ್ದ ಜಡೆಯನ್ನು ಬಾಚುವುದು ಬೇಸರವೆಂದು ಒಂದು ದಿನ ಕತ್ತರಿಯಿಂದ ಭುಜದ ಮಟ್ಟಕ್ಕೆ ಕತ್ತರಿಸಿಕೊಂಡಳು. ಪುಸ್ತಕದ ಒಂದೇ ಪುಟ ಮುಂಜಾನೆಯಿಂದ ಮಧ್ಯಾಹ್ನದ ತನಕ ತೆರೆದೇ ಇರುತ್ತಿತ್ತು. "ನಾ ಡಾಕ್ಟರ್ ಆದ ಮ್ಯಾಲೆ ಯಾರನ್ನರ ಕೊಂದಬಿಡತೀನಿ ಅನಸ್ತೇತಿ," ಎಂದು ಒಮ್ಮೆ ವಾರ್ಡಿನ ಮೆಟ್ಟಿಲಿಳಿಯುವಾಗ ಹೇಳಿದಳು. "ಎಲ್ಲಾರಿಗೂ ಹಂಗ ಅನಸ್ತೇತಿ, ಮುಂದ ನೋಡಿ ನಡಿ," ಎಂದೆ. ಇವು ಯಾವ ಕಾಯಿಲೆಯ ಲಕ್ಷಣಗಳು ಎಂದು ನನಗೆ ಗೊತ್ತಿತ್ತು. ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಯಾರಿಗೂ ಹೇಳಲಿಲ್ಲ. ಅವಳು ಕುಸಿಯಲಿ, ಒಂದು ಸಲ ಎರಡನೆಯವಳಾಗಲಿ, ಆಮೇಲೆ ಬೇಕಾದರೆ ಹೇಳೋಣ ಎಂದು ಕಾದೆ.

ಅವಳು ಎರಡನೆಯವಳಾಗಲಿಲ್ಲ. ಒಳಪರೀಕ್ಷೆಯ ಪಟ್ಟಿ ಹಚ್ಚಿದರು. ಹೆಜ್ಜೆ ಇಲ್ಲದೆ, ಊಟವಿಲ್ಲದೆ, ಒಂದೇ ಪುಟ ನೋಡುತ್ತ ಕುಳಿತವಳು ಮೊದಲು ಬಂದಿದ್ದಳು. ಅವಳನ್ನು ದಿನವೂ ಎಳೆದುಕೊಂಡು ನಡೆದ ನಾನು ಎರಡನೆಯವಳು. ಪಟ್ಟಿಯ ಮುಂದೆ ನಿಂತು ನೀಲಾ ತನ್ನ ಹೆಸರನ್ನು ನೋಡಿದಳು, ಬೇರೆ ಯಾರದೋ ಹೆಸರು ನೋಡಿದ ಹಾಗೆ. ಅವಳಿಗೆ ಖುಷಿಯಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನಗೆ ಅಷ್ಟು ಬೇಕಾದದ್ದು ಅವಳಿಗೆ ಬೇಡವಾಗಿಯೂ ಸಿಗುತ್ತಿದೆಯಲ್ಲ ಎಂದು ಉರಿದುಹೋದೆ.

ಅದೇ ವಾರ ಡಾಕ್ಟರ್ ಅಣ್ವೇಕರ ಅವಳ ಹೆಸರು ಕರೆದರು. ಅವರು ಮೆಡಿಸಿನ್ ವಿಭಾಗದ ಮುಖ್ಯಸ್ಥರು. ಬಂದರೆಂದರೆ ಹಿಂದೆ ಮುಂದೆ ಹತ್ತಾರು ಜನ, ಆಸ್ಪತ್ರೆಯೇ ಗುಡುಗಿದಂತೆ ಸದ್ದು. ಪ್ರತಿ ವರ್ಷ ಹೊರಗಿನಿಂದ ಹಿರಿಯ ವೈದ್ಯರು ಬರುತ್ತಾರೆ, ಅವರೆದುರು ಕೊನೆಯ ವರ್ಷದ ಒಬ್ಬರು ಮಾತ್ರ ಒಬ್ಬ ರೋಗಿಯ ಕೇಸ್ ಹೇಳಬೇಕು. ಚಿನ್ನದ ಪದಕ ಆ ಒಬ್ಬರಿಗೇ ಹೋಗುತ್ತದೆಂದು ಎಲ್ಲರಿಗೂ ಗೊತ್ತು. "ನೀಲಾಂಬಿಕಾ, ನೀವ ಹೇಳ್ರಿ. ಕಸ್ತೂರಿ ನಿಮ್ಮ ಜೋಡಿ ಕೇಸ್ ಪೇಪರ್ ಹಿಡಕೊಂಡ ಬರ್ತಾರ," ಎಂದರು. ಕೇಸ್ ಪೇಪರ್ ಹಿಡಿದುಕೊಂಡು!

ಆ ದಿನ ಬೆಳಿಗ್ಗೆ ಹತ್ತು ಗಂಟೆ. ಹೆಂಗಸರ ವಾರ್ಡಿನ ಉದ್ದಕ್ಕೂ ಮೂವತ್ತು ವಿದ್ಯಾರ್ಥಿಗಳು ಗೋಡೆಗೆ ಸಾಲಾಗಿ ನಿಂತಿದ್ದರು. ಅತ್ತ ತುದಿಯಲ್ಲಿ ಏಳನೆಯ ಮಂಚದ ಬಳಿ ಹಿರಿಯ ವೈದ್ಯರು, ಡಾಕ್ಟರ್ ಅಣ್ವೇಕರ. ಮಂಚದ ಮೇಲೆ ಬಸಲಿಂಗವ್ವ ಎಂಬ ಮುದುಕಿ. ಹೃದಯ ದೊಡ್ಡದಾಗಿ ಕಾಲು ಬಾತುಕೊಂಡಿದ್ದವು, ಎರಡೂ ಕಣ್ಣಿಗೆ ಪೊರೆ ಬಂದು ಮಂದವಾಗಿದ್ದವು. ಬಾಗಿಲಿನಿಂದ ಅಲ್ಲಿಯವರೆಗೆ ಹಲಗೆಯ ನೆಲ. ನೀಲಾ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡಿದ್ದಳು. "ಹೋಗೂಣು?" ಎಂದಳು. ಇಬ್ಬರೂ ಎಡಗಾಲು ಎತ್ತಿದೆವು. ಟಕ್, ಟಕ್, ಟಕ್. ಎಲ್ಲರೂ ಅವಳನ್ನು ನೋಡುತ್ತಿದ್ದರು. ನನ್ನ ಸದ್ದಿನ ಮೇಲೆ ಅವಳು ನಡೆಯುತ್ತಿದ್ದಳು, ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಅರ್ಧ ದಾರಿಯಲ್ಲಿ ನಾನು ನಿಂತುಬಿಟ್ಟೆ.

ಕಾಲು ನೋಯಲಿಲ್ಲ, ತಲೆ ಸುತ್ತಲಿಲ್ಲ. ನಿಲ್ಲಬೇಕೆಂದು ನಿಂತೆ. ನೀಲಾ ಕೂಡಲೇ ನಿಲ್ಲಲಾಗದೆ ಏಳೆಂಟು ಹೆಜ್ಜೆ ಮುಂದೆ, ಏಳನೆಯ ಮಂಚದ ಹತ್ತಿರಕ್ಕೇ ಹೋಗಿಬಿಟ್ಟಳು. ವಾರ್ಡಿನಲ್ಲಿ ಸೀಲಿಂಗ್ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಬಸ್ಸು ತಪ್ಪಿಸಿಕೊಂಡವರ ಮುಖದಂತಿತ್ತು. ಗೋಡೆಗೆ ನಿಂತ ಮೂವತ್ತು ಜನ ತಮ್ಮ ತಮ್ಮ ಪಾದಗಳನ್ನು ನೋಡಿಕೊಂಡರು.

ಮಂಚದ ಮೇಲಿನ ಬಸಲಿಂಗವ್ವ ಕುತ್ತಿಗೆ ಚಾಚಿದಳು. "ಯಾರವಾ ಬಂದಾಕಿ? ನೆರಳ ಕಾಣಸ್ತೇತಿ, ಸಪ್ಪಳಾನ ಇಲ್ಲಲ್ಲ," ಎಂದು ಕೈ ತಡವಿ ನೀಲಾಳ ಮುಂಗೈ ಹಿಡಿದುಕೊಂಡಳು. "ಕೈ ಎಷ್ಟ ತಣ್ಣಗ ಅದಾವ. ಉಂಡಿಯೇನ ತಂಗಿ?"

ಡಾಕ್ಟರ್ ಅಣ್ವೇಕರರ ಮುಖ ಬಿಳಿಚಿಕೊಂಡಿತು. ಹೊರಗಿನವರ ಎದುರು ಮರ್ಯಾದೆ ಹೋಯಿತೆಂದು ಹಾಗಾಯಿತು ಎಂದುಕೊಂಡೆ. "ನೀಲಾಂಬಿಕಾ, ನೀವಿನ್ನ ಹೋಗ್ರಿ. ನಾಳಿಂದ ವಾರ್ಡಿಗೆ ಬರೂದು ಬ್ಯಾಡ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕೇಸ್ ನೀವ ಹೇಳತೀರೇನು?" ಎಂದರು. ಬಸಲಿಂಗವ್ವನಿಗೆ ಇನ್ನು ತೊಂದರೆ ಬೇಡವೆಂದು ಹಿರಿಯರನ್ನು ಪಕ್ಕದ ಕೋಣೆಗೆ ಕರೆದೊಯ್ದರು. ನಾನು ಹಿಂದೆ ಹೋದೆ. ನೀಲಾ ಎಲ್ಲಿ ಹೋದಳೆಂದು ನೋಡಲಿಲ್ಲ. ನಲವತ್ತು ನಿಮಿಷ ಕೇಸ್ ಹೇಳಿದೆ. ಒಂದು ಕಡೆಯೂ ತಪ್ಪಲಿಲ್ಲ. ಹಿರಿಯರಲ್ಲೊಬ್ಬರು ನನ್ನ ಹೆಸರನ್ನು ಕೇಳಿ ಬರೆದುಕೊಂಡರು.

ಹಾಸ್ಟೆಲಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಕೋಣೆ ಖಾಲಿ. ನೀಲಾ ಊರಿಗೆ ಹೋಗಿರಬೇಕು, ಅಲ್ಲಿ ಬಟ್ಟೆ ಹೊಲಿದು ಇವಳನ್ನು ಓದಿಸುತ್ತಿದ್ದ ಅಕ್ಕ ಗಿರಿಜಾ ಇದ್ದಾಳಲ್ಲ ಎಂದುಕೊಂಡೆ. ಅವಳ ನೋಟ್ಸು ಇನ್ನು ಅವಳಿಗೆ ಬೇಕಿಲ್ಲ, ನಾನೇ ತೆಗೆದುಕೊಂಡರಾಯಿತೆಂದು ಅವಳ ಟ್ರಂಕಿನ ಮುಚ್ಚಳ ಎತ್ತಿದೆ.

ಪುಸ್ತಕಗಳನ್ನು ಸಾಲಾಗಿ ಜೋಡಿಸಿದ್ದಳು. ಪ್ರತಿಯೊಂದರ ಮೇಲೂ ಒಂದೊಂದು ಚೀಟಿ ಅಂಟಿಸಿತ್ತು, ಆ ದುಂಡು ಅಕ್ಷರದಲ್ಲಿ: ಕಸ್ತೂರಿಗೆ, ಕಸ್ತೂರಿಗೆ, ಸುಮಿತ್ರಾಗೆ, ಲೈಬ್ರರಿಗೆ. ಎಣಿಸಿದೆ. ನನಗೆ ಆರು, ಎದುರು ಕೋಣೆಯ ಸುಮಿತ್ರಾಳಿಗೆ ಎಂಟು. ಅವಳಿಗೆ ಯಾಕೆ ಎಂಟು ಎಂದು ಅಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ. ಆಮೇಲೆ ಸ್ಟೆತಸ್ಕೋಪಿನ ಮೇಲಿನ ಚೀಟಿ ಕಂಡಿತು: ಮೊದಲ ವರ್ಷಕ್ಕೆ ಬರುವ ಯಾರಿಗಾದರೂ. ಮುಚ್ಚಳದ ಒಳಗೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿಗೆ ಸುತ್ತು ಹಾಕಿತ್ತು. ಅದರಾಚೆಯ ದಿನಗಳ ಮೇಲೆ, ತಿಂಗಳ ಕೊನೆಯ ತನಕ, ಸ್ಕೇಲು ಹಿಡಿದು ಒಂದೇ ಗೆರೆ ಎಳೆದಿದ್ದಳು.

ಊರಿಗೆ ಹೋಗುವವರು ಹೀಗೆ ಹಂಚಿ ಹೋಗುವುದಿಲ್ಲ. ಅವಳು ಕೇಸ್ ಹೇಳಿ ಮುಗಿಸಿ, ಪದಕ ತರುತ್ತೇನೆಂದು ಅಕ್ಕನಿಗೆ ಕೊಟ್ಟ ಮಾತು ಉಳಿಸಿ, ಆಮೇಲೆ ಬದುಕಿರಬಾರದೆಂದು ಮಾಡಿಕೊಂಡಿದ್ದಳು. ನಾನು ನಿಂತದ್ದರಿಂದ ಆ ಕೇಸೂ ಇಲ್ಲವಾಗಿತ್ತು. ಅವಳು ಹೋಗಿ ಮೂರು ತಾಸಿನ ಮೇಲಾಗಿತ್ತು.

ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಮಾಳಿಗೆ ನೋಡಿದೆ. ಹೊಳೆಯ ದಂಡೆಗೆ ಹೋದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದೆ. "ಹೆಜ್ಜಿ ಇಲ್ಲದ ಹುಡುಗಿ ಒಬ್ಬಾಕಿನ ಬಂದಿದ್ರ ನಾವ ಕೂಡ್ರಿಸಿಕೊಂತಿದ್ವಿ, ಬಂದಿಲ್ಲವಾ," ಎಂದರು. ಬಸ್ ಸ್ಟ್ಯಾಂಡಿನಲ್ಲೂ ಅದನ್ನೇ ಹೇಳಿದರು. ಕೊನೆಗೆ ಬೇರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ವಾರ್ಡಿಗೇ ಮರಳಿದೆ.

ನೀಲಾ ಏಳನೆಯ ಮಂಚದ ಮೇಲೆ ಕುಳಿತಿದ್ದಳು. ಬಸಲಿಂಗವ್ವ ಅವಳ ಮುಂಗೈಯನ್ನು ಇನ್ನೂ ಬಿಟ್ಟಿರಲಿಲ್ಲ. ಆಸ್ಪತ್ರೆಯ ಗಂಜಿಯ ಬಟ್ಟಲು ಅರ್ಧ ಖಾಲಿಯಾಗಿ ಪಕ್ಕದಲ್ಲಿತ್ತು. ನಾನು ಓಡಿ ಹೋಗಿ ಮಂಚದ ಪಕ್ಕದ ನೆಲದ ಮೇಲೆ ಕುಳಿತೆ.

"ಯಾರದು?" ಎಂದಳು ಮುದುಕಿ. "ಸಪ್ಪಳಾ ಭಾಳ ಐತಿ ನಿಂದು. ನಿಮ್ಮ ಸಾಹೇಬ ಹೋಗಂದ ಕೂಡ್ಲೆ ಇಕಿ ಹೊಂಟಿದ್ಲು. ನಾ ಬಿಡಲಿಲ್ಲ. ಹೆಜ್ಜಿ ಇಲ್ಲದಾಕಿನ್ನ ಒಬ್ಬಾಕಿನ್ನ ಹೊರಗ ಕಳಸ್ತಾರೇನವಾ ಯಾರರ? ಇಷ್ಟ ದೊಡ್ಡ ದವಾಖಾನಿ ಕಟ್ಟ್ಯಾರ, ಇದೊಂದ ಗೊತ್ತಿಲ್ಲ ಇವರಿಗೆ."

ನೀಲಾಳ ಕಣ್ಣುಗಳು ಊದಿಕೊಂಡಿದ್ದವು. "ಟ್ರಂಕ ನೋಡಿದಿ?" ಎಂದು ನನ್ನನ್ನು ಕೇಳಿದಳು. ತಲೆಯಾಡಿಸಿದೆ. "ಯಾರಿಗೂ ಹೇಳಬ್ಯಾಡ," ಎಂದಳು. ಈ ಸಲ ಹೇಳಲು ಹೋದೆ.

ಡಾಕ್ಟರ್ ಅಣ್ವೇಕರ ತಮ್ಮ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದರು. ಚೀಟಿಗಳ ವಿಷಯ, ಕ್ಯಾಲೆಂಡರಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಕಿಗೆ ಹೆಜ್ಜಿ ಹೋಗಿದ್ದು ಎಷ್ಟ ದಿನದಿಂದ ಗೊತ್ತಿತ್ತು ನಿಮಗ?"

"ಎರಡ ತಿಂಗಳಾತ್ರಿ ಸರ್."

ಅವರು ಎದ್ದು ಮೇಜನ್ನು ಸುತ್ತಿ ನನ್ನ ಕಡೆಗೆ ಬಂದರು. ದಪ್ಪ ಅಟ್ಟೆಯ ಬೂಟು, ಕೆಳಗೆ ಹಲಗೆ. ನನಗೆ ಏನೂ ಕೇಳಿಸಲಿಲ್ಲ. ನಾನು ಅವರ ಬೂಟುಗಳನ್ನು ನೋಡಿದೆ, ಅವರು ನಾನು ನೋಡಿದ್ದನ್ನು ನೋಡಿದರು.

"ಹನ್ನೊಂದ ವರ್ಷಾತು," ಎಂದರು. "ಮಂದಿ ನಡುವ ನಡದ್ರ ಗೊತ್ತಾಗೂದಿಲ್ಲ. ನನ್ನ ಹೆಂಡತಿಗೆ ಅಷ್ಟ ಗೊತ್ತೈತಿ. ಆಕಿ ತವರಮನಿಗೆ ಹೋದ್ರ ನಾ ಮನಿ ಬಿಟ್ಟ ಹೊರಗ ಬರೂದಿಲ್ಲ." "ನಡೀರಿ, ಆಕಿನ್ನ ನೋಡೂಣು."

ಅಂದೇ ಅವರು ಮನಸ್ಸಿನ ಕಾಯಿಲೆ ನೋಡುವ ವೈದ್ಯೆಯನ್ನು ಕರೆಸಿ ನೀಲಾಳನ್ನು ಅವರ ವಾರ್ಡಿಗೆ ಸೇರಿಸಿದರು, ಗಿರಿಜಾಳಿಗೆ ತಾವೇ ಫೋನ್ ಮಾಡಿದರು. ಮರುದಿನ ರೌಂಡ್ಸಿಗೆ ಬಂದವರು ನಮ್ಮನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದರು. ಆ ಉದ್ದದ ವಾರ್ಡಿನಲ್ಲಿ ಒಬ್ಬರೇ ನಡೆದು ಅತ್ತ ತುದಿಯ ತನಕ ಹೋದರು, ಒಂದಿಷ್ಟೂ ಸಪ್ಪಳವಿಲ್ಲದೆ. ಅಲ್ಲಿಂದ ತಿರುಗಿ, "ಈಗ ನೀವೂ ಒಬ್ಬೊಬ್ಬರ ಬರ್ರಿ. ಯಾರನ್ನೂ ಮನಿಗೆ ಕಳಸೂದಿಲ್ಲ," ಎಂದರು. ಮೊದಲು ಹೊರಟವಳು ಸುಮಿತ್ರಾ. ಸದ್ದಿರಲಿಲ್ಲ. ಅವಳ ಜೋಡಿ ನಡೆಯುತ್ತಿದ್ದ ಹುಡುಗಿಗೂ ಇರಲಿಲ್ಲ. ಕಾರಿಡಾರಿನ ಗದ್ದಲದಲ್ಲಿ ಇಬ್ಬರೂ ಇನ್ನೊಬ್ಬಳದು ಸದ್ದು ಎಂದು ನಂಬಿಕೊಂಡು ಎಷ್ಟು ದಿನ ನಡೆದಿದ್ದರೋ! ಮೂವತ್ತರಲ್ಲಿ ಹನ್ನೊಂದು ಜನರ ಹೆಜ್ಜೆ ಕೇಳಿಸಲಿಲ್ಲ. ನನ್ನದು ಚೆನ್ನಾಗಿ ಕೇಳಿಸಿತು. ಹೊಟ್ಟೆಕಿಚ್ಚಿನಿಂದ ಯಾರ ಸಪ್ಪಳವೂ ಹೋಗುವುದಿಲ್ಲ. ಆಫೀಸಿನ ಗೋಡೆಯ ಚೌಕಟ್ಟನ್ನು ತೆಗೆಸಲು ಅಣ್ವೇಕರರಿಗೆ ಮತ್ತೆ ಎಂಟು ತಿಂಗಳು ಬೇಕಾದವು, ಹಾಜರಾತಿಯ ಜಗಳ ಇನ್ನೂ ಮುಗಿದಿಲ್ಲ.

ಗಿರಿಜಾ ಮೊದಲ ಬಸ್ಸಿಗೇ ಬಂದಳು. ಕೊರಳಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು, ಎದೆಯ ಸೆರಗಿಗೆ ದಾರದ ಸೂಜಿ ಸಿಕ್ಕಿಸಿಕೊಂಡೇ ಬಂದಿದ್ದಳು. ತಂಗಿಯನ್ನು ನೋಡಿ, "ಯಾಕ ಹೇಳಲಿಲ್ಲ" ಎಂದು ಕೇಳಲಿಲ್ಲ. "ಕೂದಲಾ ಸೊಟ್ಟ ಕತ್ತರಿಸಿಕೊಂಡಿಯಲ್ಲ, ಕತ್ತರಿ ಹಿಡಿಯೂದ ನಾ ಕಲಿಸಲಿಲ್ಲೇನ ನಿಂಗ," ಎಂದು ಬ್ಯಾಗಿನಿಂದ ಕತ್ತರಿ ತೆಗೆದು ಸರಿಮಾಡತೊಡಗಿದಳು. ಕೈ ಕೆಲಸ ಮಾಡುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. "ನೀ ವಾರ್ಡಿನ್ಯಾಗ ನಿಂತಿದ್ದಕ್ಕ ನನ್ನ ತಂಗಿ ಉಳದಾಳ. ಎಲ್ಲಾರೂ ಮುಚ್ಚಿದ್ರು, ನೀ ಒಬ್ಬಾಕಿ ಧೈರ್ಯ ಮಾಡಿದಿ."

ನಾನು ಅದನ್ನು ತಿದ್ದಲಿಲ್ಲ. ಕಾಲೇಜಿನಲ್ಲೂ ಅದೇ ಮಾತಾಯಿತು. ಗೆಳತಿಯನ್ನು ಉಳಿಸಲು ಗೆಳತಿಯ ಗುಟ್ಟನ್ನು ಬಿಟ್ಟುಕೊಟ್ಟವಳು ಎಂದು. ನೀಲಾ ಅಕ್ಕನ ಜೊತೆ ಊರಿಗೆ ಹೋದಳು, ಗುಳಿಗೆ, ವಾರಕ್ಕೊಮ್ಮೆ ವೈದ್ಯೆಯ ಭೇಟಿ. ಆ ವರ್ಷ ನಾನು ಮೊದಲು ಬಂದೆ. ಪದಕವನ್ನು ಮನೆಗೆ ಒಯ್ದು ಅವ್ವನ ಮೇಜಿನ ಮೇಲಿಟ್ಟೆ. ಅವ್ವ ಅದನ್ನು ತಿರುಗಿಸಿ ನೋಡಿ, "ನೀಲಾಂಬಿಕಾ ಪರೀಕ್ಷಾಕ್ಕ ಕೂಡಲಿಲ್ಲಲ್ಲ," ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಲೆಕ್ಕ ತಪ್ಪಬಾರದೆಂದು ಹೇಳಿದ ಹಾಗೆ.

ಆರು ತಿಂಗಳ ಮೇಲೆ ನೀಲಾ ಒಂದು ವರ್ಷ ಕೆಳಗಿನವರ ಜೊತೆ ತರಗತಿಗೆ ಮರಳಿದಳು. ನಾನಾಗ ಹೌಸ್ ಸರ್ಜನ್. ಬಂದ ದಿನವೇ ನನ್ನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಬಂದಳು. ಕೆನ್ನೆ ತುಂಬಿಕೊಂಡಿದ್ದವು, ಹೆಜ್ಜೆ ಮೆಲ್ಲಗೆ ಕೇಳಿಸುತ್ತಿತ್ತು. ಗಿರ್ಮಿಟ್ ತಟ್ಟೆ ಮುಂದಿಟ್ಟುಕೊಂಡು ನಗುತ್ತ ಮಾತಾಡಿದಳು. ಮಾತಿನ ನಡುವೆ, "ಭಾಳ ಕೆಟ್ಟ ದಿನಾ ಇರ್ತಿದ್ವು. ಅವಾಗೆಲ್ಲ, ಕಸ್ತೂರಿ ನನ್ನ ಸಲುವಾಗಿ ನಿಂತಾಳ, ಅಷ್ಟ ಮಂದಿ ಮುಂದ, ಅಂತ ನೆನಸಿಕೋತಿದ್ದೆ," ಎಂದಳು.

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಭಾನುವಾರದ ಸಂತೋಷದಿಂದ ಹಿಡಿದು ಎಂಟು ಪುಸ್ತಕದ ತನಕ. ಅವಳ ಮುಖದಿಂದ ನಗೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ನೀ ನಿಂತಿದ್ದು ಹೊಟ್ಟಿಕಿಚ್ಚಿಗೆ?"

"ಹೂಂ."

"ಮತ್ತ ಯಾಕ ಹೇಳಿದಿ ನಂಗ ಈಗ?" ಎಂದಳು. ಧ್ವನಿ ಏರಿತು. "ಅದೊಂದ ಮಾತ ಹಿಡಕೊಂಡ ಆರ ತಿಂಗಳ ಕಳದೀನಿ. ನಿನ್ನ ಎದಿ ಹಗುರ ಮಾಡಿಕೊಳ್ಳಾಕ ಅದನ್ನೂ ಕಸಗೊಂಡಿ ಅಲ್ಲಾ?"

ಎದ್ದು ಹೋದಳು. ಮೂರು ವಾರ ನನ್ನ ಮುಖ ನೋಡಲಿಲ್ಲ. ಎದುರಾದರೆ ದಾರಿ ಬದಲಿಸುತ್ತಿದ್ದಳು. ಆ ಸಿಟ್ಟನ್ನು ನೋಡುವಾಗಲೂ, ಹೇಳಲು ನಾಚಿಕೆ, ಇಷ್ಟು ನೇರವಾಗಿ ಸಿಟ್ಟು ಮಾಡಲು ನನಗೆ ಬರುವುದಿಲ್ಲವಲ್ಲ ಎಂದು ಕರುಬಿದೆ.

ನಾಲ್ಕನೆಯ ವಾರ, ಅದೇ ಕ್ಯಾಂಟೀನಿನಲ್ಲಿ ನಾನು ಒಬ್ಬಳೇ ಕುಳಿತಿದ್ದಾಗ ಬಂದು ಎದುರಿನ ಬೆಂಚಿನ ಮೇಲೆ ಕುಳಿತಳು.

"ನನ್ನ ಮನಸಿನ ಡಾಕ್ಟರ್ ಹತ್ರ ಎಲ್ಲಾ ಹೇಳಿದೆ, ನಿನ್ನ ಸುದ್ದಿನೂ," ಎಂದಳು. "ನಿನ್ನ ಕ್ಷಮಿಸೀನಿ ಅಂತ ತಿಳೀಬ್ಯಾಡ. ಅದು ಆದಾಗ ಆಗ್ತೈತಿ. ಆದ್ರ ಸುಳ್ಳ ಹೇಳಕೋತ ನನ್ನ ಬಾಜೂಕ ನಡಿಯೂದು ಇನ್ನ ಬ್ಯಾಡ. ನಿಂಗ ಹೊಟ್ಟಿಕಿಚ್ಚ ಆದ್ರ ಆ ದಿನಾನ ನಂಗ ಹೇಳಬೇಕು. ನಂಗ ಮನಸ ಸರಿ ಇಲ್ಲಂದ್ರ ಆ ದಿನಾನ ನಿಂಗ ಹೇಳತೀನಿ. ಆಗ್ತೈತೇನ?"

"ಆಗ್ತೈತಿ."

"ಹಂಗಾರ ನಾನ ಮೊದಲ ಹೇಳತೀನಿ. ಇವತ್ತ ಮುಂಜಾನೆ ಹಾಸಿಗಿ ಬಿಟ್ಟ ಏಳಾಕ ಮನಸಿದ್ದಿಲ್ಲ. ಒಂದ ತಾಸ ಬೇಕಾತು." ಬೆರಳಿನಿಂದ ಮೇಜಿನ ಮೇಲಿನ ಚುರಮುರಿಯ ಕಾಳನ್ನು ಒಂದು ಕಡೆ ಕೂಡಿಸಿದಳು. "ಈಗ ನೀ ಹೇಳು. ನನ್ನ ಮಾರ್ಕ್ಸ ಮ್ಯಾಲೇನ?"

ಹೌದೆನ್ನಲು ಬಾಯಿ ತೆರೆದೆ. ಬೇರೆ ಮಾತು ಬಂತು.

"ನಿಮ್ಮ ಅಕ್ಕನ ಮ್ಯಾಲೆ," ಎಂದೆ. "ಆಕಿ ಸೂಜಿ ಸೈತ ತಗಿಯದ ಓಡಿ ಬಂದ್ಲಲ್ಲ... ನಮ್ಮನಿ ಹೊಳಿ ದಾಟಿದ್ರ ಐತಿ. ಐದ ವರ್ಷದಾಗ ನಮ್ಮವ್ವ ಒಂದ ಸಲಾನೂ ಈ ಕಡೆ ಬಂದಿಲ್ಲ."

ಕ್ಯಾಂಟೀನಿನ ಅಷ್ಟು ಜನರ ನಡುವೆ ಮುಖ ಮುಚ್ಚಿಕೊಂಡು ಅತ್ತೆ. ನೀಲಾ ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ, ಅವಳ ಸಿಟ್ಟು ಇನ್ನೂ ಹೋಗಿರಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಒಂದು ಗಿರ್ಮಿಟ್ ತರಿಸಿ, ತಟ್ಟೆಯನ್ನು ಇಬ್ಬರ ನಡುವೆ ಇಟ್ಟು, "ಮೊದಲ ತಿನ್ನು. ಈ ಐತವಾರ ನಮ್ಮಕ್ಕ ಬರ್ತಾಳ. ನಿನ್ನೂ ನೋಡಾಕ ಬಾ ಅಂತ ಆಕಿಗೆ ಹೇಳತೀನಿ," ಎಂದಳು.